ಪಿಟೀಲಿನ ಬದಲು ಜಾಲರಿ ಹಿಡಿದ ಗೂನ

ಎಲ್ಲರಿಗೂ ನಮಸ್ಕಾರ.

ಪರದೆ ಮೇಲಿನ ಚಿತ್ರ ನೋಡಿ. ಗೂನುಬೆನ್ನಿನ ಕುಳ್ಳನೊಬ್ಬ ಪಿಟೀಲು ಬಾರಿಸುತ್ತಿದ್ದಾನೆ. ಪಿಟೀಲು ಹೌದಾ? ಸರಿಯಾಗಿ ನೋಡಿ. ಅದು ಮಾಂಸ ಸುಡುವ ಕಬ್ಬಿಣದ ಜಾಲರಿ! ಪರದೆಯಲ್ಲಿ ಇಷ್ಟು ದೊಡ್ಡದಾಗಿ ಕಾಣುವ ಈ ಚಿತ್ರ ಅಸಲಿಗೆ ಅಂಗೈಯೊಳಗೆ ಹಿಡಿಸುತ್ತದೆ.

ಇದನ್ನು ಮಾಡಿದವನು ಜಾಕ್ ಕಲೋ ಎಂಬ ಕಲಾವಿದ. 1592ರಲ್ಲಿ ಲೊರೇನ್ ಸೀಮೆಯ ನಾನ್ಸಿಯಲ್ಲಿ ಹುಟ್ಟಿದ. ಈಗ ಫ್ರಾನ್ಸಿಗೆ ಸೇರಿರುವ ಈ ಸೀಮೆ ಆಗ ಬೇರೆಯೇ ಸಂಸ್ಥಾನ. ಮುಂದೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಮೆದಿಚಿ ದೊರೆಗಳ ಆಶ್ರಯದಲ್ಲಿದ್ದ. ಇಷ್ಟು ಸಣ್ಣ ಗೆರೆ ಹೇಗೆ ಬಂತು ಅಂತ ಕೇಳುತ್ತೀರಲ್ವಾ? ತಾಮ್ರದ ತಗಡಿಗೆ ಲೇಪ ಹಚ್ಚಿ, ಅದರ ಮೇಲೆ ಗೀಚಿ, ಆಸಿಡ್ ಹಾಕುತ್ತಾರೆ. ಗೀಚಿದ ಕಡೆ ಮಾತ್ರ ಆಸಿಡ್ ಲೋಹವನ್ನು ತಿನ್ನುತ್ತದೆ. ಆ ಗೆರೆಗಳಿಗೆ ಶಾಯಿ ತುಂಬಿ ಕಾಗದಕ್ಕೆ ಒತ್ತಿದರೆ ಚಿತ್ರ ಮೂಡುತ್ತದೆ. ಆಗೆಲ್ಲ ಬಳಸುತ್ತಿದ್ದ ಮೆತ್ತನೆಯ ಮೇಣದಂಥ ಲೇಪ ಬಿಟ್ಟು, ಲ್ಯೂಟ್ ವಾದ್ಯ ಮಾಡುವವರು ಬಳಿಯುತ್ತಿದ್ದ ಗಟ್ಟಿ ವಾರ್ನಿಷ್ಅನ್ನು ಕಲೋ ಹಚ್ಚಿದ. ಗೆರೆ ಕೂದಲಿನಷ್ಟು ತೆಳ್ಳಗಿದ್ದರೂ ಅಂಚು ಕಲಸಿಹೋಗಲಿಲ್ಲ.

ಇನ್ನು ಅರ್ಥದ ವಿಷಯ. ವಿಚಿತ್ರ ಆಕೃತಿ ಕಂಡ ಕೂಡಲೇ ನಾವು 'ಸಮಾಜದ ವಿಡಂಬನೆ' ಅಂದುಬಿಡುತ್ತೇವೆ. ನನಗೆ ಅದು ಅವಸರದ ಮಾತು ಅನ್ನಿಸುತ್ತದೆ. ನಾನು ಮೊದಲು ಕೇಳುವುದು ಒಂದೇ: ನಗುತ್ತಿರುವುದು ಯಾರನ್ನು ನೋಡಿ? ಈ ಗೂನರ ಸರಣಿಯಲ್ಲಿ ನಗು ಬೀಳುವುದು ಗೂನನ ಬೆನ್ನ ಮೇಲೇ. ಆಗಿನ ಆಸ್ಥಾನಗಳಲ್ಲಿ ಕುಳ್ಳರನ್ನು ಮನರಂಜನೆಗೆಂದೇ ಇಟ್ಟುಕೊಳ್ಳುತ್ತಿದ್ದರು. ಅದಕ್ಕೆ ಕನಿಕರದ ಬಣ್ಣ ಬಳಿಯುವುದು ಬೇಡ.

ಈಗ ಭಿಕ್ಷುಕರ ಸರಣಿಯ ಮೊದಲ ಹಾಳೆ. ಚಿಂದಿ ಬಟ್ಟೆಯವನೊಬ್ಬ ಬಾವುಟ ಹಿಡಿದು ಠೀವಿಯಿಂದ ನಿಂತಿದ್ದಾನೆ. ಬಾವುಟದ ಮೇಲೆ 'ಕಪಿತಾನೋ ದೆ ಬಾರೋನಿ' ಅಂತ ಬರೆದಿದೆ. ಇಟಾಲಿಯನ್‌ನಲ್ಲಿ ಕಪಿತಾನೋ ಅಂದರೆ ನಾಯಕ, ಬಾರೋನಿ ಅಂದರೆ ಜಹಗೀರುದಾರರು. ಪುಂಡಪೋಕರಿಗಳು ಅಂತಲೂ ಆಗುತ್ತದೆ. ಚಿಂದಿಯವನು ಯಾರ ನಾಯಕ? ಒಂದೇ ಪದಕ್ಕೆ ನಗು ತಿರುಗಿ ಮೇಲಿನವರ ಕಡೆ ಹೊರಟಿತು.

1633ರಲ್ಲಿ ಬಂದ 'ಯುದ್ಧದ ಮಹಾ ಸಂಕಟಗಳು' 18 ಚಿತ್ರಗಳ ಸರಣಿ. ಇಲ್ಲಿ ಗೂನರಿಲ್ಲ, ವೇಷವಿಲ್ಲ, ಮಾಮೂಲಿ ಮನುಷ್ಯರೇ. ಸೈನಿಕರು ರೈತನ ಮನೆಗೆ ನುಗ್ಗಿ, ಒಬ್ಬನನ್ನು ಒಲೆಯ ಬೆಂಕಿಯ ಮೇಲೆ ತಲೆಕೆಳಗಾಗಿ ನೇತುಹಾಕಿದ್ದಾರೆ. ಅದೇ ವರ್ಷ ಫ್ರೆಂಚ್ ಸೇನೆ ನಾನ್ಸಿಯನ್ನು ಹಿಡಿಯಿತು. ಹಾಗಾಗಿ ಇದು ಕಲೋ ತೀರಿಸಿಕೊಂಡ ಸೇಡು ಅಂತ ಹೇಳುವವರು ಜಾಸ್ತಿ. ಆದರೆ ಸರಣಿ ಅಚ್ಚಾಗಿದ್ದು ಪ್ಯಾರಿಸ್‌ನಲ್ಲಿ, ಅದೂ ಫ್ರಾನ್ಸಿನ ರಾಜನ ಪರವಾನಗಿಯಿಂದ! ಕೊನೆಯ ಚಿತ್ರದಲ್ಲಿ ರಾಜ ಒಳ್ಳೆಯ ಸೈನಿಕರಿಗೆ ಇನಾಮು ಹಂಚುತ್ತಾನೆ. ಸೇಡಿನ ಕತೆಗೆ ಇದೆಲ್ಲ ಸುಲಭವಾಗಿ ಹೊಂದುವುದಿಲ್ಲ.

ಹಾಗಂತ ಇದು ಬರೀ ಶಿಸ್ತಿನ ಪಾಠವೂ ಅಲ್ಲ. ಹನ್ನೊಂದನೇ ಚಿತ್ರಕ್ಕೆ ಬನ್ನಿ. ನಡುವೆ ಒಂದು ದೊಡ್ಡ ಮರ. ಲೂಟಿ ಮಾಡಿ ಸಿಕ್ಕಿಬಿದ್ದ ಸೈನಿಕರು ಕೊಂಬೆಗಳಲ್ಲಿ ಗೊಂಚಲು ಗೊಂಚಲಾಗಿ ನೇತಾಡುತ್ತಿದ್ದಾರೆ. ಕೆಳಗಿನ ಪದ್ಯ ಅವರನ್ನು ಹಣ್ಣಿಗೆ ಹೋಲಿಸುತ್ತದೆ. ಏಣಿಯ ಮೇಲೊಬ್ಬ ಪಾದ್ರಿ ಶಿಲುಬೆ ಎತ್ತಿ ಹಿಡಿದಿದ್ದಾನೆ. ಲೆನ್ಸ್ ಇದ್ದವರು ಈಗ ಮರದ ಬುಡಕ್ಕೆ ಹಿಡಿಯಿರಿ. ಅಲ್ಲಿ ಒಂದು ನಗಾರಿ ಇದೆ. ಅದರ ಮೇಲೆ ದಾಳ ಹಾಕುತ್ತಿದ್ದಾರೆ.