ನೋಡುಗ ಎಲ್ಲಿ ನಿಲ್ಲಬೇಕು? ರೋಮಿನ ಬರೋಕ್ ಕಲೆಯ ನಾಟಕ

ಎಲ್ಲರಿಗೂ ನಮಸ್ಕಾರ.

ರೋಮಿನಲ್ಲಿ ಸಂತ ಇಗ್ನೇಷಿಯಸ್ ಚರ್ಚ್ ಅಂತ ಒಂದಿದೆ. ಒಳಗೆ ಹೋದವರೆಲ್ಲ ಮೊದಲು ಚಾವಣಿ ನೋಡುತ್ತಾರೆ. ನಾನು ಹೇಳುವುದು, ಮೊದಲು ನೆಲ ನೋಡಿ. ಉದ್ದನೆಯ ಹಜಾರದ ನಡುವೆ, ನೆಲದಲ್ಲಿ ಒಂದು ದುಂಡನೆಯ ಕಲ್ಲಿನ ಗುರುತು ಇದೆ. ಅದರ ಮೇಲೆ ನಿಂತು ತಲೆ ಎತ್ತಿದರೆ ಚಾವಣಿಯೇ ಇಲ್ಲ. ಗೋಡೆಗಳು ಇನ್ನೂ ಮೇಲಕ್ಕೆ ಬೆಳೆದಿವೆ. ಕಂಬ, ಕಮಾನು, ಮತ್ತೆ ಕಂಬ, ಅದರಾಚೆ ಬಯಲು ಆಕಾಶ. ಆ ಆಕಾಶದಲ್ಲಿ ಕ್ರಿಸ್ತನಿಂದ ಹೊರಟ ಬೆಳಕಿನ ಕಿರಣ ಇಗ್ನೇಷಿಯಸ್‌ನ ಎದೆಗೆ ತಾಗಿ, ಅಲ್ಲಿಂದ ನಾಲ್ಕು ಖಂಡಗಳ ಕಡೆಗೆ ಹೋಗುತ್ತದೆ. ಒಂಟೆಯ ಮೇಲೆ ಕೂತ ಹೆಂಗಸು ಏಷ್ಯಾ. ಮೊಸಳೆಯ ಜೊತೆಗಿರುವವಳು ಆಫ್ರಿಕಾ.

ಈಗ ಆ ಗುರುತು ಬಿಟ್ಟು ಒಂದಿಷ್ಟು ದೂರ ನಡೆಯಿರಿ. ಕಂಬಗಳೆಲ್ಲ ವಾಲುತ್ತವೆ, ಇನ್ನೇನು ತಲೆ ಮೇಲೆ ಬೀಳುತ್ತವೆ ಅನಿಸುತ್ತದೆ. ಯಾಕೆಂದರೆ ಅವು ಕಂಬಗಳೇ ಅಲ್ಲ, ಬಣ್ಣ. ಬರೆದವನು ಆಂದ್ರಿಯಾ ಪೊಝೊ. ಪಾದ್ರಿಯಲ್ಲ, ಇದೇ ಇಗ್ನೇಷಿಯಸ್ ಕಟ್ಟಿದ ಕ್ಯಾಥೊಲಿಕ್ ಸಂಘವಾದ ಜೆಸ್ವಿಟ್ ಸಭೆಯ ಬ್ರದರ್, ಅಂದರೆ ಪಾದ್ರಿ ದೀಕ್ಷೆ ಇಲ್ಲದ ಸದಸ್ಯ. ಈ ಚಾವಣಿ 1694ರ ಹೊತ್ತಿಗೆ ಮುಗಿಯಿತು. ಅದೇ ಚರ್ಚಿನಲ್ಲಿ ಗುಮ್ಮಟ ಕಟ್ಟಬೇಕಿದ್ದ ಜಾಗ ಖಾಲಿ ಉಳಿದಿತ್ತು. ಅದಕ್ಕೆ 1685ರಲ್ಲೇ ಸುಮಾರು 17 ಮೀಟರ್ ಅಗಲದ ಕ್ಯಾನ್ವಾಸಿನಲ್ಲಿ ಗುಮ್ಮಟ ಬರೆದು ತೂಗುಹಾಕಿದ್ದ. ಅದನ್ನು ನೋಡುವುದಕ್ಕೂ ನೆಲದಲ್ಲಿ ಬೇರೆ ಗುರುತು ಇದೆ.

ಆ ಗುಮ್ಮಟದ ಬಗ್ಗೆ ಕೆಲವು ವಾಸ್ತುಶಿಲ್ಪಿಗಳು ತಕರಾರು ತೆಗೆದರಂತೆ. ಗೋಡೆಯಿಂದ ಚಾಚಿದ ಸಣ್ಣ ಆಧಾರಗಳ ಮೇಲೆ ಇಷ್ಟು ದಪ್ಪ ಕಂಬ ನಿಲ್ಲಿಸಿದ್ದಾನಲ್ಲ, ನಿಜವಾದ ಕಟ್ಟಡದಲ್ಲಿ ಹೀಗೆ ಮಾಡಲು ಆಗುತ್ತದಾ ಅಂತ. ಅದಕ್ಕೆ ಪೊಝೊನ ಚಿತ್ರಕಾರ ಗೆಳೆಯನೊಬ್ಬ ಹೇಳಿದ ಮಾತನ್ನು ಪೊಝೊ ತಾನೇ ಬರೆದಿಟ್ಟಿದ್ದಾನೆ: ಭಾರ ತಾಳದೆ ಕಂಬ ಬಿದ್ದರೆ ರಿಪೇರಿ ಖರ್ಚು ನನ್ನದು!

ಈ ನಗುವನ್ನು ನಾವು ಗಮನಿಸಬೇಕು. ಹದಿನೇಳನೇ ಶತಮಾನದ ಈ ಶೈಲಿಗೆ ಬರೋಕ್ ಅನ್ನುತ್ತಾರೆ. ಬರೋಕ್ ಅಂದ ಕೂಡಲೇ ಅತಿ ಅಲಂಕಾರ, ಚಿನ್ನದ ಲೇಪ, ಕಣ್ಣು ಕೋರೈಸಿ ಜನರನ್ನು ಮರುಳು ಮಾಡುವ ಕಲೆ ಅನ್ನುವವರು ಜಾಸ್ತಿ. ನನಗೆ ಹಾಗೆ ಅನಿಸುವುದಿಲ್ಲ. ಮೋಸ ಮಾಡುವವನು ನೆಲದ ಮೇಲೆ ಗುರುತು ಹಾಕಿ, ಇಲ್ಲಿ ನಿಂತರೆ ಮಾತ್ರ ಕಾಣುತ್ತದೆ ಅಂತ ಹೇಳುತ್ತಾನಾ? ಇದು ನಾಟಕ ಅಂತ ಮಾಡುವವನಿಗೂ ಗೊತ್ತಿತ್ತು, ನೋಡುವವನಿಗೂ ಗೊತ್ತಿತ್ತು. ಗೊತ್ತಿದ್ದೇ ಕಣ್ಣೀರು ಹಾಕುತ್ತಿದ್ದರು. ಈ ಕಲೆ ನೋಡುಗನಿಗೆ ಒಂದು ಜಾಗ ಕೊಡುತ್ತದೆ, ಅದರ ಜೊತೆಗೆ ಒಂದು ಪಾತ್ರವನ್ನೂ ಕೊಡುತ್ತದೆ. ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಇಷ್ಟೇ.

ಹಿನ್ನೆಲೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಉತ್ತರ ಯುರೋಪಿನಲ್ಲಿ ಪೋಪರಿಂದ ಬೇರೆಯಾದ ಪ್ರಾಟೆಸ್ಟೆಂಟ್ ಕ್ರೈಸ್ತರು ಹಲವು ಕಡೆ ಚರ್ಚುಗಳಿಂದ ಪ್ರತಿಮೆ, ಚಿತ್ರಗಳನ್ನು ಹೊರಗೆ ಹಾಕಿದರು. ಟ್ರೆಂಟ್ ಎಂಬ ಊರಿನಲ್ಲಿ ಸೇರಿದ ಕ್ಯಾಥೊಲಿಕ್ ಮಹಾಸಭೆ 1563ರಲ್ಲಿ ಅದಕ್ಕೆ ಉತ್ತರ ಕೊಟ್ಟಿತು: ಚಿತ್ರಗಳು ಇರಲಿ, ಅವು ಜನರಿಗೆ ಕಲಿಸಲಿ, ಭಕ್ತಿ ಹುಟ್ಟಿಸಲಿ. ಆ ಸಭೆ ಕೇಳಿದ್ದು ಶಿಸ್ತು. ಮುಂದಿನ ನೂರು ವರ್ಷದಲ್ಲಿ ರೋಮಿನ ಕಲಾವಿದರು ಮಾಡಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ.

ನನಗೆ ತುಂಬ ಇಷ್ಟವಾದ ಉದಾಹರಣೆ ನಲವತ್ತು ಗಂಟೆಗಳ ಆರಾಧನೆ. ಕ್ರಿಸ್ತ ಸಮಾಧಿಯಲ್ಲಿದ್ದ ಹೊತ್ತನ್ನು ನೆನೆದು, ಪರಮ ಪ್ರಸಾದವನ್ನು, ಅಂದರೆ ಕ್ರಿಸ್ತನ ದೇಹವೆಂದು ನಂಬುವ ರೊಟ್ಟಿಯನ್ನು, ಬಲಿಪೀಠದ ಮೇಲಿಟ್ಟು ನಲವತ್ತು ಗಂಟೆ ಪ್ರಾರ್ಥಿಸುವ ಪದ್ಧತಿ. ಮಿಲಾನ್ ಕಡೆ ಶುರುವಾಯಿತು. 1592ರಲ್ಲಿ ಪೋಪ್ ಎಂಟನೇ ಕ್ಲೆಮೆಂಟ್ ರೋಮಿನಲ್ಲಿ ಅದನ್ನು ಖಾಯಂ ಮಾಡಿದರು. ಜೆಸ್ವಿಟರು ಇದನ್ನು ಕಾರ್ನಿವಲ್ ದಿನಗಳಲ್ಲೇ ಇಟ್ಟುಕೊಂಡರು. ಉಪವಾಸದ ಕಾಲಕ್ಕೆ ಮೊದಲು ಬರುವ ಆ ದಿನಗಳಲ್ಲಿ ಊರೆಲ್ಲ ಮುಖವಾಡ, ಕುದುರೆ ಓಟ, ಕುಡಿತ, ಪ್ರಹಸನ. ಬೀದಿಗೆ ಹೋಗಬೇಡಿ ಅಂತ ಬೈದರೆ ಯಾರು ಕೇಳುತ್ತಾರೆ? ಜೆಸ್ವಿಟರು ಚರ್ಚಿನೊಳಗೆ ಬೀದಿಗಿಂತ ದೊಡ್ಡ ಆಟ ಕಟ್ಟಿದರು.

ಹೇಗೆ ಕಟ್ಟುತ್ತಿದ್ದರು ನೋಡಿ. ಕಿಟಕಿ ಮುಚ್ಚಿ ಕತ್ತಲೆ ಮಾಡುವುದು. ಬಲಿಪೀಠದ ಸುತ್ತ ಮರ, ಬಟ್ಟೆ, ಕಾಗದದ ರಟ್ಟಿನಿಂದ ಮೋಡ, ದೇವದೂತರು, ಅರಮನೆ. ಅವುಗಳ ಹಿಂದೆ, ಯಾರಿಗೂ ಕಾಣದ ಹಾಗೆ, ಸಾಲು ಸಾಲು ಎಣ್ಣೆ ದೀಪ. ದೀಪ ಕಾಣುವುದಿಲ್ಲ, ಬೆಳಕು ಮಾತ್ರ ಕಾಣುತ್ತದೆ. ಆ ಬೆಳಕಿನ ನಡುವೆ ಪರಮ ಪ್ರಸಾದ. 1628ರಲ್ಲಿ ವ್ಯಾಟಿಕನ್ನಿನ ಪೌಲಿನಾ ಪ್ರಾರ್ಥನಾಲಯದಲ್ಲಿ ಆ ಕಾಲದ ರೋಮಿನ ದೊಡ್ಡ ಶಿಲ್ಪಿ ಬರ್ನಿನಿ ಇಂಥದ್ದೊಂದನ್ನು ಮಾಡಿದ. 1633ರಲ್ಲಿ ಚಿತ್ರಕಾರ ಪಿಯೆತ್ರೊ ದಾ ಕೊರ್ತೊನಾ ಮಾಡಿದ. 1685ರಲ್ಲಿ ಜೆಸ್ವಿಟರ ಮುಖ್ಯ ಚರ್ಚ್ ಜೆಸುವಿನಲ್ಲಿ ನಮ್ಮ ಪೊಝೊ ಕ್ರಿಸ್ತ ನೀರನ್ನು ದ್ರಾಕ್ಷಾರಸ ಮಾಡಿದ ಕಾನಾ ಊರಿನ ಮದುವೆಯ ದೃಶ್ಯವನ್ನೇ ನಿಲ್ಲಿಸಿದ. ಆರಾಧನೆ ಮುಗಿದ ಮೇಲೆ, ಗಣೇಶನ ಪೆಂಡಾಲ್ ಬಿಚ್ಚುವ ಹಾಗೆ, ಎಲ್ಲ ಬಿಚ್ಚಿ ಹಾಕುತ್ತಿದ್ದರು. ಇವತ್ತು ಉಳಿದಿರುವುದು ರೇಖಾಚಿತ್ರ, ಮುದ್ರಿತ ಚಿತ್ರ, ನೋಡಿದವರ ಬರಹ, ಅಷ್ಟೇ.

ಆದರೆ ಅಲ್ಲಿ ಕಲಿತದ್ದು ಕಲ್ಲಿನಲ್ಲಿ ಉಳಿಯಿತು. ಕಾರ್ಡಿನಲ್ ಫೆದೆರಿಕೊ ಕೊರ್ನಾರೊ ಅವರಿಗಾಗಿ ಬರ್ನಿನಿ 1647ರಿಂದ 1652ರವರೆಗೆ ಮಾಡಿದ ಸಂತ ತೆರೆಸಾಳ ಶಿಲ್ಪವನ್ನೇ ನೋಡಿ. ಮೋಡದ ಮೇಲೆ ಒರಗಿದ ಸನ್ಯಾಸಿನಿ, ಕೈಯಲ್ಲಿ ಬಾಣ ಹಿಡಿದ ದೇವದೂತ. ಮೇಲಿಂದ ಚಿನ್ನದ ಬಣ್ಣದ ಕಡ್ಡಿಗಳ ಹಾಗೆ ಕಿರಣಗಳು ಇಳಿದಿವೆ. ಅವುಗಳ ಮೇಲೆ ಬೀಳುವ ಬೆಳಕು ಎಲ್ಲಿಂದ ಬರುತ್ತದೆ ಅಂತ ಕೆಳಗೆ ನಿಂತವರಿಗೆ ಗೊತ್ತಾಗುವುದಿಲ್ಲ. ಕಿಟಕಿಯನ್ನು ಕಮಾನಿನ ಹಿಂದೆ ಅಡಗಿಸಿದ್ದಾನೆ. ಎಣ್ಣೆ ದೀಪದ ಜಾಗಕ್ಕೆ ಸೂರ್ಯ ಬಂದಿದ್ದಾನೆ, ಯುಕ್ತಿ ಅದೇ.

ಈ ಶಿಲ್ಪ ಇರುವ ಕೊರ್ನಾರೊ ಪ್ರಾರ್ಥನಾಲಯದ ಎರಡೂ ಪಕ್ಕದ ಗೋಡೆಯಲ್ಲಿ ನಾಟಕಶಾಲೆಯ ಬಾಕ್ಸಿನಂಥ ಗೂಡುಗಳಿವೆ. ಒಂದೊಂದರಲ್ಲಿ ನಾಲ್ಕು ಜನ, ಎಲ್ಲ ಕೊರ್ನಾರೊ ಮನೆತನದವರು. ಬಹುತೇಕ ಎಲ್ಲರೂ ಆಗಲೇ ತೀರಿಕೊಂಡವರು. ಒಬ್ಬ ಓದುತ್ತಿದ್ದಾನೆ. ಇಬ್ಬರು ಏನೋ ಮಾತಾಡಿಕೊಳ್ಳುತ್ತಿದ್ದಾರೆ. ಒಬ್ಬ ಹೊರಕ್ಕೆ ಬಾಗಿ ನಮ್ಮ ಕಡೆಗೇ ನೋಡುತ್ತಿದ್ದಾನೆ. ತೆರೆಸಾಳನ್ನು ನೆಟ್ಟ ಕಣ್ಣಿನಿಂದ ನೋಡುವವರು ಅಲ್ಲಿ ಸಿಗುವುದೇ ಇಲ್ಲ. ಪವಾಡ ನಡೆಯುತ್ತಿದೆ, ಪಕ್ಕದಲ್ಲೇ ಮಾತು ನಡೆಯುತ್ತಿದೆ. ನಾವು ಬಂದು ನಿಂತ ಕೂಡಲೇ ಆ ಸಭೆಗೆ ನಾವೂ ಸೇರಿಬಿಡುತ್ತೇವೆ, ಅಲ್ವಾ?

ಬರ್ನಿನಿಗೆ ರಂಗಭೂಮಿ ಬರೀ ಹವ್ಯಾಸವಲ್ಲ. ನಾಟಕ ಬರೆಯುತ್ತಿದ್ದ, ಪರದೆ ಬರೆಯುತ್ತಿದ್ದ, ತಾನೇ ನಟಿಸುತ್ತಿದ್ದ. 1638ರಲ್ಲಿ ಟೈಬರ್ ನದಿಯ ಪ್ರವಾಹದ ಮೇಲೆ ಒಂದು ಪ್ರಹಸನ ಮಾಡಿದ. ರಂಗದ ಹಿಂದಿನಿಂದ ನಿಜವಾದ ನೀರು ಕಟ್ಟೆ ಒಡೆದುಕೊಂಡು ಪ್ರೇಕ್ಷಕರ ಕಡೆಗೆ ನುಗ್ಗಿತು. ಮುಂದಿನ ಸಾಲಿನವರು ಎದ್ದು ಓಡುವ ಹೊತ್ತಿಗೆ ಸರಿಯಾಗಿ ಒಂದು ತಡೆ ಮೇಲೆದ್ದು ನೀರನ್ನು ತಿರುಗಿಸಿತು. ಅದರ ಹಿಂದಿನ ವರ್ಷವಷ್ಟೇ ಟೈಬರ್ ನಿಜವಾಗಿ ಉಕ್ಕಿತ್ತು. ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ.

ಮಂಗಳೂರಿನವರಿಗೆ ಇದೆಲ್ಲ ಪೂರ್ತಿ ದೂರದ ಮಾತಲ್ಲ. ಸಂತ ಅಲೋಶಿಯಸ್ ಚಾಪೆಲ್ ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಆ ಸಂತ, ಪ್ಲೇಗ್ ರೋಗಿಗಳ ಸೇವೆ ಮಾಡಿ 1591ರಲ್ಲಿ 23ನೇ ವಯಸ್ಸಿಗೆ ತೀರಿಕೊಂಡ ಹುಡುಗ, ಮಲಗಿರುವುದು ನಾನು ಮೊದಲು ಹೇಳಿದ ರೋಮಿನ ಚರ್ಚಿನಲ್ಲೇ. ಅವನ ಬಲಿಪೀಠವನ್ನು ಯೋಜಿಸಿದವನೂ ಪೊಝೊ. ಮಂಗಳೂರಿನ ಗೋಡೆ, ಚಾವಣಿಗಳಲ್ಲಿ 1899ರಿಂದ 1901ರವರೆಗೆ ಚಿತ್ರ ಬರೆದ ಅಂತೋನಿಯೊ ಮೊಸ್ಕೇನಿಯೂ ಪೊಝೊನ ಹಾಗೆ ಜೆಸ್ವಿಟ್ ಬ್ರದರ್. ಆದರೆ ನಡುವೆ ಇನ್ನೂರು ವರ್ಷ ಕಳೆದಿವೆ. ಮೊಸ್ಕೇನಿಯದು ಸಮಾಧಾನದ ಕೈ. ಚಾವಣಿಯಲ್ಲಿ ಸಂತನ ಬದುಕನ್ನು ಚೌಕಟ್ಟು ಚೌಕಟ್ಟಾಗಿ ಹೇಳುತ್ತಾನೆ, ನಾವು ನಡೆಯುತ್ತಾ ಓದಿಕೊಳ್ಳಬಹುದು. ಪೊಝೊ ನಡೆಯಲು ಬಿಡುವುದಿಲ್ಲ, ನಿಲ್ಲು ಅನ್ನುತ್ತಾನೆ. ಬೆಚ್ಚಿಬೀಳುವುದಕ್ಕೆ ಪೊಝೊ ಸರಿ. ದಿನಾ ಪ್ರಾರ್ಥನೆಗೆ ಬರುವವರಿಗೆ ಮೊಸ್ಕೇನಿಯೇ ಹಿತ ಅಂತ ನನ್ನ ಅನಿಸಿಕೆ.

ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಈ ಆಟಕ್ಕೆಲ್ಲ ದುಡ್ಡು ಯಾರದು? ನವೋನಾ ಚೌಕದಲ್ಲಿ ಪೋಪ್ ಹತ್ತನೇ ಇನ್ನೊಸೆಂಟ್ ತಮ್ಮ ಮನೆತನದ ಅರಮನೆಯ ಎದುರೇ, ನಡುವೆ ಎತ್ತರದ ಕಲ್ಲುಕಂಬ ನಿಲ್ಲಿಸಿದ ನಾಲ್ಕು ನದಿಗಳ ಕಾರಂಜಿ ಕಟ್ಟಿಸಿದರು. ಶಿಲ್ಪಿ ಬರ್ನಿನಿ, 1651ಕ್ಕೆ ಮುಗಿಯಿತು. ಅದರಲ್ಲಿ ನಮ್ಮ ಗಂಗೆಯೂ ಇದ್ದಾಳೆ. ಇದ್ದಾಳೆ ಅನ್ನುವ ಹಾಗಿಲ್ಲ, ಅಲ್ಲಿ ಗಂಗೆ ಗಡ್ಡದ ಗಂಡಸು, ಕೈಯಲ್ಲಿ ಉದ್ದನೆಯ ಹುಟ್ಟು. ಕೆಲಸ ಶುರುವಾದ 1648ರಲ್ಲಿ ರೊಟ್ಟಿಗೆ ತತ್ವಾರವಿತ್ತು. ರೋಮಿನ ಜನ ಚೀಟಿಯಲ್ಲಿ ಪದ್ಯ ಬರೆದು ಅಂಟಿಸಿದರು: ನಮಗೆ ಕಲ್ಲುಕಂಬ, ಕಾರಂಜಿ ಬೇಡ, ರೊಟ್ಟಿ ಬೇಕು, ರೊಟ್ಟಿ, ರೊಟ್ಟಿ, ರೊಟ್ಟಿ.

ಕಾರಂಜಿಯ ಕೆಲಸ ನಿಲ್ಲಲಿಲ್ಲ. 1652ರಿಂದ ಆಗಸ್ಟ್ ತಿಂಗಳ ವಾರಾಂತ್ಯಗಳಲ್ಲಿ ಕಾರಂಜಿಗಳ ನೀರು ಹೋಗುವ ದಾರಿ ಮುಚ್ಚಿ ಇಡೀ ಚೌಕವನ್ನೇ ಕೆರೆ ಮಾಡುವ ಆಟ ಶುರುವಾಯಿತು. ಶ್ರೀಮಂತರು ಸಾರೋಟು ಹೂಡಿಕೊಂಡು ಆ ನೀರಿನಲ್ಲಿ ಸುತ್ತು ಹಾಕುತ್ತಿದ್ದರು. ಈ ಪದ್ಧತಿ ನಡುವೆ ಕೆಲವು ಕಾಲ ನಿಂತರೂ 1866ರವರೆಗೆ ನಡೆಯಿತು. ಪಾನಿನಿ ಎಂಬ ಚಿತ್ರಕಾರ, ನಮ್ಮ ವ್ಯಾಕರಣದ ಪಾಣಿನಿ ಅಲ್ಲ, 1756ರಲ್ಲಿ ಈ ದೃಶ್ಯ ಬರೆದಿದ್ದಾನೆ. ಈಗ ತೋರಿಸುವ ಚಿತ್ರಗಳಲ್ಲಿ ಅದೇ ಮೊದಲನೆಯದು. ದೀಪ ಸ್ವಲ್ಪ ಆರಿಸಿ. ಕಾರಂಜಿಯನ್ನು ಆಮೇಲೆ ನೋಡೋಣ. ಮೊದಲು ಸಾರೋಟಿನಲ್ಲಿ ಯಾರಿದ್ದಾರೆ, ನೀರಿನಂಚಿನಲ್ಲಿ ಯಾರು ನಿಂತಿದ್ದಾರೆ, ಅದನ್ನು ನೋಡಿ.