ಸೀಸೆಯೊಳಗಿನ ಮೀನಿನ ವಿಳಾಸ

ಕೇಳುಗರೆಲ್ಲರಿಗೂ ನಮಸ್ಕಾರ.

ಮದರಾಸು ಸೇನೆಯಲ್ಲಿ ವೈದ್ಯರಾಗಿದ್ದ ಫ್ರಾನ್ಸಿಸ್ ಡೇ ಹತ್ತೊಂಬತ್ತನೇ ಶತಮಾನದಲ್ಲಿ ನಮ್ಮ ದೇಶದ ಹೊಳೆ, ಕಡಲುಗಳ ಮೀನುಗಳನ್ನು ಕೂಡಿಸಿದರು. ಅವು ಒಂದೇ ಕಡೆ ಉಳಿಯಲಿಲ್ಲ. ಕೆಲವು ಕೋಲ್ಕತ್ತದಲ್ಲಿವೆ, ಕೆಲವು ಲಂಡನ್ನಿನಲ್ಲಿ, ಇನ್ನು ಕೆಲವು ದೂರದ ಸಿಡ್ನಿಯಲ್ಲಿ. ದಕ್ಷಿಣದ ನದಿಗಳ ಮೀನುಗಳ ಬಗ್ಗೆ ತಿಳಿಯಹೊರಟವರು ಹಿಂದೆ ಒಂದೊಂದು ಸಂಗ್ರಹಾಲಯಕ್ಕೂ ಕಾಗದ ಬರೆದು ಕಾಯಬೇಕಿತ್ತು.

ಈ ತೊಡಕು ಎಲ್ಲ ದೇಶಗಳಲ್ಲೂ ಇತ್ತು. ಅಮೆರಿಕದ ಟುಲೇನ್ ವಿಶ್ವವಿದ್ಯಾಲಯದವರು ಎರಡನೇ ಮಹಾಯುದ್ಧದ ಕಾಲದ ಮದ್ದುಗುಂಡಿನ ಉಗ್ರಾಣಗಳಲ್ಲಿ 70 ಲಕ್ಷಕ್ಕೂ ಹೆಚ್ಚು ಸತ್ತ ಮೀನುಗಳನ್ನು ಅಧ್ಯಯನಕ್ಕೆಂದು ಸೀಸೆಗಳಲ್ಲಿ ಕಾಪಿಟ್ಟಿದ್ದಾರೆ. ಇಂಥ ಹಲವು ಸಂಗ್ರಹಗಳ ದಾಖಲೆಗಳನ್ನು ಹೆಣೆದ ಜಾಲವೇ ಫಿಶ್‌ನೆಟ್. ಸೀಸೆಗಳು ಕದಲುವುದಿಲ್ಲ, ಮೀನನ್ನು ಎಲ್ಲಿ, ಯಾವಾಗ ಹಿಡಿದರೆಂದು ಬರೆದಿಟ್ಟ ಚೀಟಿಯ ಮೇಲಿನ ಸಂಗತಿಯಷ್ಟೇ ಸಂಚರಿಸುತ್ತದೆ. ಒಬ್ಬರು ‘ಹಿಡಿದ ದಿನ’ ಎಂದೂ ಇನ್ನೊಬ್ಬರು ‘ಸಂಗ್ರಹದ ತಾರೀಖು’ ಎಂದೂ ಬರೆದುಕೊಂಡಿದ್ದರೆ ಕಂಪ್ಯೂಟರಿಗೆ ಅವೆರಡೂ ಬೇರೆಬೇರೆ. ಆದ್ದರಿಂದ ಎಲ್ಲರೂ ಒಪ್ಪುವ ಅಂಕಣಗಳು ಬೇಕಾದವು. ಡಾರ್ವಿನ್ ಕೋರ್ ಎಂಬ ಆ ಪದಪಟ್ಟಿ 2009ರಲ್ಲಿ ಅಧಿಕೃತ ಮಾನಕವಾಯಿತು.

ನನ್ನ ಮಟ್ಟಿಗೆ ನಿಜವಾದ ದುಡಿಮೆ ಇರುವುದು ಮೀನು ಹಿಡಿದ ಜಾಗ ಗುರುತಿಸುವುದರಲ್ಲಿ. ಹಳೆಯ ಚೀಟಿಯಲ್ಲಿ ‘ಸೇತುವೆಯಿಂದ ಮೂರು ಮೈಲಿ ಕೆಳಗೆ’ ಎಂದಿರುತ್ತದೆ. ಯಾವ ಸೇತುವೆ? ನದಿಯ ಅಂಕುಡೊಂಕಿನ ಗುಂಟ ಮೂರು ಮೈಲಿಯೋ, ನೇರ ಗೆರೆಯಲ್ಲೋ? ಟುಲೇನ್‌ನಲ್ಲೇ ರೂಪುಗೊಂಡ ಜಿಯೋಲೊಕೇಟ್ ಎಂಬ ತಂತ್ರಾಂಶ ಇಂಥ ಮಾತನ್ನು ಅಕ್ಷಾಂಶ ರೇಖಾಂಶಗಳಿಗೆ ಇಳಿಸುತ್ತದೆ. ಗುರುತು ಎಷ್ಟು ದೂರ ತಪ್ಪಿರಬಹುದೆಂಬ ಅಂದಾಜನ್ನೂ ಜೊತೆಗೇ ಕೊಡುತ್ತದೆ. ಆ ಪ್ರಾಮಾಣಿಕತೆ ನನಗೆ ಬಹಳ ಇಷ್ಟ. ಆದರೂ ನಕ್ಷೆಯನ್ನು ಕಣ್ಣಿಟ್ಟು ನೋಡಿ ಸರಿಯೆನ್ನಲು ಮನುಷ್ಯರೇ ಬೇಕು.

ಎಲ್ಲ ದಾಖಲೆಗಳೂ ಒಂದೇ ನಕ್ಷೆಯ ಮೇಲೆ ಬಿದ್ದಾಗ ತಪ್ಪುಗಳು ತಾವಾಗಿಯೇ ಎದ್ದು ಕಾಣುತ್ತವೆ. ಸಿಹಿನೀರಿನ ಮೀನೊಂದು ನಡುಗಡಲಿನಲ್ಲಿ ಚುಕ್ಕೆಯಾಗಿ ಕೂತಿದ್ದರೆ, ಅಂಕಿಯೊಂದು ಅದಲುಬದಲಾಗಿದೆ ಎಂದೇ ಲೆಕ್ಕ. ಕಂಡವರು ಸೀಸೆ ಇಟ್ಟುಕೊಂಡ ಸಂಗ್ರಹಾಲಯಕ್ಕೆ ತಿಳಿಸಬೇಕು. ಮೂಲ ದಾಖಲೆಯನ್ನು ತಿದ್ದುವವರು ಅವರೇ. ಈ ಹಿಂದಿರುಗುವ ದಾರಿ ಸರಿಯಿಲ್ಲದಿದ್ದರೆ ಅದೇ ತಪ್ಪು ಜಾಲದಿಂದ ಜಾಲಕ್ಕೆ ನಕಲಾಗುತ್ತಾ ಹೋಗುತ್ತದೆ.

ಹಾಗಂತ ಎಲ್ಲವನ್ನೂ ತೆರೆದಿಡಬೇಕೆಂದು ನಾನು ಹೇಳಲಾರೆ. ನಮ್ಮ ಕಾವೇರಿಯ ಡುಬ್ಬದ ಮಹಶೀರ್ ಅಳಿವಿನ ಅಂಚಿಗೆ ಬಂದಿದೆ. ಅದು ಯಾವ ಮಡುವಿನಲ್ಲಿ ಸಿಕ್ಕಿತೆಂದು ಲೋಕಕ್ಕೆಲ್ಲ ಸಾರಿದರೆ ಡೈನಮೈಟ್ ಹಾಕುವವರಿಗೂ ತಿಳಿಯುತ್ತದೆ. ಅಂಥ ಕಡೆ ನದಿಯ ಹೆಸರಿನಷ್ಟಕ್ಕೇ ನಿಲ್ಲಿಸಿ, ಖಚಿತ ಜಾಗ ಬೇಕಾದ ಸಂಶೋಧಕರು ಸಂಗ್ರಹಾಲಯವನ್ನೇ ಕೇಳಿ ಪಡೆಯಲಿ.

ನಮಸ್ಕಾರ.