ಇಂಥ ದಿನ ಆಯಿತು ಎನ್ನಲಾಗದ ಸಂಗತಿಗಳು

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ನಿದ್ದೆ ಬಿಟ್ಟು ಬಂದಿದ್ದೀರಿ. ಸುತ್ತಿ ಬಳಸದೆ ವಿಷಯಕ್ಕೆ ಬರುತ್ತೇನೆ.

ಬೆಂಗಳೂರಿಗೆ ಎಷ್ಟು ವಯಸ್ಸು? ಕ್ವಿಜ್‌ನಲ್ಲಿ ಕೇಳಿದರೆ ಉತ್ತರ 1537, ಕೆಂಪೇಗೌಡರು ಪೇಟೆ ಕಟ್ಟಿಸಿದ ವರ್ಷ. ಆದರೆ ಬೇಗೂರಿನ ಪಂಚಲಿಂಗ ನಾಗೇಶ್ವರ ದೇವಸ್ಥಾನಕ್ಕೆ ಹೋದರೆ ಅಲ್ಲೊಂದು ಶಾಸನವಿದೆ. ಸುಮಾರು ಕ್ರಿ.ಶ. 890ರದ್ದು. ಅದರಲ್ಲಿ ಬೆಂಗಳೂರಿನ ಕಾಳೆಗದ ಮಾತು ಬರುತ್ತದೆ. ಕಾಳೆಗ ನಡೆಯಬೇಕಾದರೆ ಊರು ಇರಬೇಕು ತಾನೆ? ಅಂದರೆ ಕೆಂಪೇಗೌಡರಿಗಿಂತ ಆರುನೂರು ವರ್ಷಕ್ಕೂ ಮೊದಲೇ ಈ ಹೆಸರಿನ ಜಾಗ ಇತ್ತು, ಅದಕ್ಕಾಗಿ ಜನ ಹೊಡೆದಾಡಿ ಸತ್ತಿದ್ದರು. ಕೆಂಪೇಗೌಡರು ದೊಡ್ಡವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಶುರು ಮಾಡಿದ್ದು ಬರೀ ಬಯಲಿನಿಂದ ಅಲ್ಲ.

ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ. ನಿಧಾನವಾಗಿ ಆಗುವ ಯಾವುದಕ್ಕೂ ಹುಟ್ಟಿದ ದಿನ ಇರುವುದಿಲ್ಲ. ಇಸವಿ, ಸ್ಥಾಪಕ, 'ಮೊಟ್ಟಮೊದಲ' ಎಂಬ ಪಟ್ಟ ಇವೆಲ್ಲ ನಾವು ಆಮೇಲೆ ಕೊಡುವುದು. ಪರೀಕ್ಷೆ ಬರೆಯುವ ಮಕ್ಕಳು ಇಲ್ಲಿ ಇದ್ದೀರಿ, ದಯವಿಟ್ಟು 1537 ಎಂದೇ ಬರೆಯಿರಿ. ಉಳಿದವರು ಇಸವಿಯ ಹಿಂದೆ ಏನು ನಡೆಯುತ್ತಿತ್ತು ಅಂತ ನನ್ನ ಜೊತೆ ಸ್ವಲ್ಪ ನೋಡಿ.

ಬೇಗೂರಿಗಿಂತ ಹಳೆಯ ಕಲ್ಲೊಂದು ಹೆಬ್ಬಾಳದಲ್ಲಿದೆ. ಕೆಲವು ವರ್ಷಗಳ ಹಿಂದೆ ನೆಲ ಅಗೆಯುವಾಗ ಸಿಕ್ಕಿತು. ಗಂಗರ ಶ್ರೀಪುರುಷ ಆಳುತ್ತಿದ್ದ ಕಾಲದ್ದು, ಅಂದರೆ ಸುಮಾರು 750. ಕಿತ್ತಯ್ಯ ಎಂಬ ವೀರ ಕಾದಾಡಿ ಸತ್ತದ್ದನ್ನು ಹೇಳುತ್ತದೆ. ಕಲ್ಲಿನ ಮೇಲೆ ಅವನ ಚಿತ್ರವೂ ಇದೆ. ಇತಿಹಾಸ ಸಂಶೋಧನೆಯ ಹಳೆಯ ಸಂಸ್ಥೆ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಇಂಥ ಕಲ್ಲುಗಳನ್ನು ತ್ರೀಡಿ ಸ್ಕ್ಯಾನ್ ಮಾಡಿಸುತ್ತಿದ್ದಾರೆ. ಬರಿಗಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಕಂಪ್ಯೂಟರ್ ಪರದೆಯ ಮೇಲೆ ಬೆಳಕನ್ನು ಆಚೀಚೆ ಆಡಿಸಿದರೆ ಎದ್ದು ಬರುತ್ತದೆ.

ಆ ಕಲ್ಲಿನಲ್ಲಿ ಇರುವ ಹೆಸರು 'ಪೆರ್ಬೊಳಲ್ ನಾಡು'. ಇವತ್ತು ಹೆಬ್ಬಾಳ. ಫ್ಲೈಓವರ್ ಮೇಲೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಯೋಚಿಸಲು ಒಳ್ಳೆಯ ವಿಷಯ: 'ಪೆ' ಇದ್ದದ್ದು 'ಹೆ' ಆದದ್ದು ಯಾವಾಗ?

ಇದು ಹೆಬ್ಬಾಳದ ಒಂದರ ಪಾಡಲ್ಲ. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೋಗು ಹೋಗು ಆಯಿತು. ಪಕ್ಕದ ತಮಿಳು, ತೆಲುಗುಗಳಲ್ಲಿ ಹಾಲಿಗೂ ಹುಲಿಗೂ ಇವತ್ತಿಗೂ ಪಕಾರವೇ. ನಮ್ಮಲ್ಲಿ ಮಾತ್ರ ಪದದ ತಲೆಯಲ್ಲಿದ್ದ ಪಕಾರ ಮೆಲ್ಲಗೆ ಜಾರಿಕೊಂಡಿತು. ಒತ್ತಕ್ಷರದ ಪಕಾರ ಅಲ್ಲಾಡಲಿಲ್ಲ ನೋಡಿ, ಅಪ್ಪ ಅಪ್ಪನಾಗಿಯೇ ಉಳಿದ, ಉಪ್ಪು ಉಪ್ಪಾಗಿಯೇ ಉಳಿಯಿತು. ಯಾವ ರಾಜನೂ 'ನಾಳೆಯಿಂದ ಎಲ್ಲರೂ ಹಾಲು ಅನ್ನಿ' ಎಂದು ಡಂಗುರ ಹೊಡೆಸಲಿಲ್ಲ. 10ನೇ ಶತಮಾನದ ಸುಮಾರಿಗೆ ಶಾಸನಗಳಲ್ಲಿ ಹಕಾರ ಅಲ್ಲೊಂದು ಇಲ್ಲೊಂದು ತಲೆ ಹಾಕುತ್ತದೆ. ಆಮೇಲೆ ಮುನ್ನೂರು ನಾನೂರು ವರ್ಷ ಎರಡೂ ಜೊತೆಜೊತೆಗೆ ಬಾಳಿವೆ. ಒಂದೇ ಶಾಸನದಲ್ಲಿ ಎರಡೂ ಸಿಗುವುದುಂಟು. 14ನೇ ಶತಮಾನದ ಹೊತ್ತಿಗೆ ಹಕಾರ ಗಟ್ಟಿಯಾಗಿ ಕೂತಿದೆ.

ಕೇಶಿರಾಜ 13ನೇ ಶತಮಾನದಲ್ಲಿ ವ್ಯಾಕರಣ ಬರೆಯುವಾಗ ಇನ್ನೊಂದು ಅಕ್ಷರದ ಬಗ್ಗೆ ತಲೆ ಕೆಡಿಸಿಕೊಂಡಿದ್ದ. ಹಳಗನ್ನಡದ ೞ, ಅದು ಬರುವ ಪದಗಳನ್ನು ಪಟ್ಟಿ ಮಾಡಿಕೊಟ್ಟ. ಪಟ್ಟಿ ಕೊಡಬೇಕಾಯಿತು ಅಂದರೆ ಜನ ಆಗಲೇ ಎಲ್ಲಿ ಯಾವ ಳಕಾರ ಅಂತ ಗೊತ್ತಾಗದೆ ಒದ್ದಾಡುತ್ತಿದ್ದರು ಅಂತಲೇ ಅರ್ಥ. ಪಟ್ಟಿ ಉಳಿಯಿತು, ಅಕ್ಷರ ಹೋಯಿತು.

ಈಗ ನಮ್ಮ ಕಾಲಕ್ಕೆ ಬನ್ನಿ. ಹಳೇ ಮೈಸೂರು ಕಡೆಯ ಹಳ್ಳಿಗಳಲ್ಲಿ 'ಆಲು ತಗೊಂಡು ಓಗು' ಅನ್ನುವವರಿದ್ದಾರೆ. ನಾವು ಪಟ್ಟಣದವರು ಅದನ್ನು ಕೇಳಿ ನಗುತ್ತೇವೆ. ಟಿ.ವಿ.ಯಲ್ಲಿ ಯಾರಾದರೂ ಹಾಗೆ ಅಂದರಂತೂ ಕನ್ನಡ ಕೆಟ್ಟೇಹೋಯಿತು ಎಂದು ಗಲಾಟೆ. ಆದರೆ ದಾರಿ ನೋಡಿ: ಪಾಲ್, ಹಾಲು, ಆಲು. ನಾವು ಯಾವುದನ್ನು ಶುದ್ಧ ಎನ್ನುತ್ತೇವೋ ಅದೇ ನಡುವಿನ ನಿಲ್ದಾಣ. ಪಂಪನ ಕಾಲದ ಅಜ್ಜಿಯೊಬ್ಬಳು ಈಗ ಎದ್ದು ಬಂದರೆ 'ಹಾಲು' ಅಂದ ನಮ್ಮನ್ನೂ ಬೈಯುತ್ತಾಳೆ, ಅಲ್ವಾ? ಮಕ್ಕಳಿಗೆ ಹಕಾರ ತಿದ್ದಬೇಡಿ ಎಂದು ನಾನು ಹೇಳುತ್ತಿಲ್ಲ, ಮೇಷ್ಟ್ರುಗಳು ತಪ್ಪು ತಿಳಿಯಬೇಡಿ. ಬರವಣಿಗೆಗೆ ಒಂದು ಒಪ್ಪಂದ ಬೇಕು. ನಗುವುದನ್ನು ಮಾತ್ರ ಬಿಡೋಣ.

ಪಂಪ ತನ್ನ ಭಾರತ ಬರೆದದ್ದು 941ರ ಸುಮಾರಿಗೆ. ಇವತ್ತು ಅದನ್ನು ಟಿಪ್ಪಣಿ ಇಲ್ಲದೆ ಓದುವುದು ನಮ್ಮಲ್ಲಿ ಹೆಚ್ಚಿನವರಿಗೆ ಆಗದ ಮಾತು. ಅವನಿಂದ ನಮ್ಮವರೆಗೆ ಮೂವತ್ತು ನಲವತ್ತು ತಲೆಮಾರು ಆಗಿರಬಹುದು. ಅಷ್ಟೂ ತಲೆಮಾರಿನಲ್ಲಿ ಎಲ್ಲಾದರೂ ತಾಯಿಯ ಮಾತು ಮಗುವಿಗೆ ಅರ್ಥವಾಗದೆ ಹೋದದ್ದುಂಟೆ? ಒಂದು ಮನೆಯಲ್ಲೂ ಇಲ್ಲ. ಪ್ರತಿ ಮಗುವೂ ತನ್ನ ತಾಯಿಯ ಕನ್ನಡವನ್ನೇ ಕಲಿತಿದೆ. ಹಾಗಿದ್ದೂ ಈ ತುದಿಯ ಕನ್ನಡ ಆ ತುದಿಯ ಕನ್ನಡ ಬೇರೆಬೇರೆ. ಹಳಗನ್ನಡ ಮುಗಿದು ನಡುಗನ್ನಡ ಶುರುವಾದ ದಿನ ಯಾವುದು ಎಂದು ಕೇಳಿದರೆ ಅದಕ್ಕೇ ಉತ್ತರವಿಲ್ಲ.

ಜೀವಿಗಳ ವಿಷಯದಲ್ಲಿ ಡಾರ್ವಿನ್ 1859ರಲ್ಲಿ ಹೇಳಿದ್ದಕ್ಕೂ ಇದಕ್ಕೂ ಹತ್ತಿರದ ನಂಟಿದೆ. ಒಂದು ಜಾತಿ ಇನ್ನೊಂದಾಗುವಾಗಲೂ ಯಾವ ತಾಯಿಯೂ ಬೇರೆ ಜಾತಿಯ ಮರಿ ಹಾಕಲಿಲ್ಲ. ಜನಕ್ಕೆ ಆಗಲೂ ನಂಬಿಕೆ ಬರಲಿಲ್ಲ, ಈಗಲೂ ಕೆಲವರಿಗೆ ಬರುವುದಿಲ್ಲ. ಅದಕ್ಕೆ ನನಗೆ ಡಾರ್ವಿನ್ ಎಂದರೆ ಕೋತಿಗಿಂತ ಮೊದಲು ನೆನಪಾಗುವುದು ಎರೆಹುಳು.

1842ರ ಕೊನೆಯಲ್ಲಿ ಅವರು ತಮ್ಮ ಮನೆ ಹತ್ತಿರದ ಒಂದು ಹೊಲದ ಮೇಲೆ ಸೀಮೆಸುಣ್ಣದ ಕಲ್ಲಿನ ಚೂರುಗಳನ್ನು ಹರಡಿಸಿದರು. ಆಮೇಲೆ ಸುಮ್ನೆ ಬಿಟ್ಟರು. 29 ವರ್ಷ. 1871ರಲ್ಲಿ ಅದೇ ಹೊಲದಲ್ಲಿ ಅಡ್ಡಕ್ಕೆ ಕಾಲುವೆ ತೋಡಿಸಿದಾಗ, ಬಿಳಿ ಚೂರುಗಳೆಲ್ಲ ಒಂದು ಗೆರೆ ಎಳೆದ ಹಾಗೆ ನೆಲದ ಕೆಳಗೆ ಇದ್ದವು, 7 ಇಂಚು ಆಳದಲ್ಲಿ. ಯಾರೂ ಮಣ್ಣು ಮುಚ್ಚಿರಲಿಲ್ಲ. ಎರೆಹುಳುಗಳು ಕೆಳಗಿನ ಮಣ್ಣನ್ನು ತಿಂದು ಮೇಲಕ್ಕೆ ತಂದು ಹಿಕ್ಕೆ ಹಾಕಿ ಹಾಕಿ, ವರ್ಷಕ್ಕೆ ಕಾಲು ಇಂಚಿನಷ್ಟು ಮಣ್ಣು ಹೊದಿಸಿದ್ದವು. ಈ ಕಾಲುವೆ ತೋಡಿಸುವ ಎರಡು ವರ್ಷ ಮೊದಲು, ಇಷ್ಟು ಸಣ್ಣ ಬಡಪಾಯಿ ಹುಳುವಿನಿಂದ ಅಷ್ಟು ದೊಡ್ಡ ಕೆಲಸ ಹೇಗಾದೀತು ಎಂದು ತೋಟಗಾರಿಕೆ ಪತ್ರಿಕೆಯಲ್ಲಿ ಒಬ್ಬರು ತಕರಾರು ಎತ್ತಿದ್ದರು. ಡಾರ್ವಿನ್ ಕೊಟ್ಟ ಉತ್ತರದ ಸಾರ ಇಷ್ಟು: ಮತ್ತೆ ಮತ್ತೆ ನಡೆಯುವ ಸಣ್ಣ ಕೆಲಸವನ್ನು ಕೂಡಿಸಿ ನೋಡಲು ಮನುಷ್ಯನಿಗೆ ಬರುವುದಿಲ್ಲ, ವಿಜ್ಞಾನಕ್ಕೆ ಎಷ್ಟೋ ಸಲ ಅಡ್ಡ ಬಂದದ್ದು ಇದೇ.

ಕೂಡಿಸಿ ನೋಡಲು ಬರದಿದ್ದರೆ ಲಾಲ್‌ಬಾಗಿನ ಬಂಡೆಯಂತೂ ತಲೆಗೆ ಹೋಗುವುದೇ ಇಲ್ಲ. ಅದಕ್ಕೆ ಸುಮಾರು 300 ಕೋಟಿ ವರ್ಷ. ಭೂಮಿಯ ಆಳದಲ್ಲಿ ಬೆಂದು ಬಾಗಿ ಪಟ್ಟೆ ಪಟ್ಟೆಯಾದ ಕಲ್ಲು. ಮೇಲಿದ್ದ ಕಲ್ಲೆಲ್ಲ ಸವೆದು ಹೋದ ಮೇಲೆ ನಮಗೆ ಕಾಣುತ್ತಿದೆ. ಕೆಂಪೇಗೌಡ ಗೋಪುರ ಇರುವುದು ಅದರ ನೆತ್ತಿಯ ಮೇಲೆ. ಬೆಳಗ್ಗೆ ವಾಕಿಂಗ್ ಮಾಡುವವರು ಅಲ್ಲಿರುವ ಬೋರ್ಡನ್ನು ಒಮ್ಮೆ ನಿಂತು ಓದಿ.

ನನಗೆ ಇಷ್ಟವಾದ ವಿಷಯ ರಾಗಿ, ಅದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ. ನಮ್ಮ ನೆಲದ್ದು ಎಂದು ನಾವು ಎದೆ ತಟ್ಟಿಕೊಳ್ಳುವ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಅಲ್ಲಿ ಬೇಸಾಯಕ್ಕೆ ಬಂದು, ಸಾವಿರಾರು ವರ್ಷಗಳ ಹಿಂದೆ ಈ ಕಡೆ ತಲುಪಿತು. ಕಾಡು ರಾಗಿ ಮಾಗುತ್ತಲೇ ಕಾಳು ಉದುರಿಸಿಬಿಡುತ್ತದೆ. ಗಿಡದ ವಂಶ ಬೆಳೆಯಲು ಅದೇ ಅನುಕೂಲ. ಕುಯ್ಯುವವರಿಗೆ ಮಾತ್ರ ನಷ್ಟ. ಆದರೆ ಪ್ರತಿ ಸುಗ್ಗಿಯಲ್ಲೂ ಕೈಗೆ ಬರುವುದು ಉದುರದೆ ಉಳಿದ ತೆನೆ, ಮುಂದಿನ ಮಳೆಗೆ ಬಿತ್ತುವುದೂ ಅದೇ ಕಾಳು. ಹೀಗೆ ಯಾರೂ ಬೇಕೆಂದು ಮಾಡದೆ, ಉದುರದ ರಾಗಿ ಉಳಿಯಿತು. ಗೋಧಿ, ಬಾರ್ಲಿ, ಭತ್ತದ ಹಳೆಯ ಕಾಳುಗಳನ್ನು ಅಗೆದು ತೆಗೆದು ಪರೀಕ್ಷಿಸಿದವರು, ಅವುಗಳಲ್ಲಿ ಇಂಥದೇ ಬದಲಾವಣೆಗೆ ಸಾವಿರ ವರ್ಷಕ್ಕೂ ಹೆಚ್ಚು ಹಿಡಿಯಿತು ಎನ್ನುತ್ತಾರೆ. ಬೇಸಾಯವನ್ನು 'ಕಂಡುಹಿಡಿದ' ರೈತ ಅಂತ ಒಬ್ಬ ಇರಲಿಲ್ಲ.

ಆ ರಾಗಿ ಇಲ್ಲಿ ಎಷ್ಟು ಬೇರು ಬಿಟ್ಟಿತು ಅಂದರೆ, 16ನೇ ಶತಮಾನದಲ್ಲಿ ಕನಕದಾಸರು ಭತ್ತಕ್ಕೂ ರಾಗಿಗೂ ಜಗಳ ಹಚ್ಚಿ ಕಾವ್ಯವನ್ನೇ ಬರೆದರು. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗಿ ಹೊರಬರುತ್ತದೆ. ಹಗೇವಿನಲ್ಲಿ ರಾಗಿ ತುಂಬಿಟ್ಟು ವರ್ಷಗಟ್ಟಲೆ ಉಣ್ಣುತ್ತಿದ್ದ ಊರಿನವರಿಗೆ ಇದು ಕವಿಕಲ್ಪನೆ ಅನ್ನಿಸಿರಲಿಕ್ಕಿಲ್ಲ.

ಆಮೇಲೆ ಬಂದವರು ಲಕ್ಷ್ಮಣಯ್ಯನವರು. ರೈತರು 'ರಾಗಿ ಲಕ್ಷ್ಮಣಯ್ಯ' ಎಂದೇ ಕರೆದರು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಹೊಸ ರಾಗಿ ತಳಿ ಬೆಳೆಸುವ ಕೆಲಸ ಮಾಡಿದವರು. ರಾಗಿಯ ಹೂವು ಕಣ್ಣಿಗೆ ಹತ್ತದಷ್ಟು ಸಣ್ಣದು, ಮೇಲಾಗಿ ತನ್ನ ಪರಾಗದಿಂದಲೇ ಕಾಳು ಕಟ್ಟಿಕೊಳ್ಳುತ್ತದೆ. ಬೇರೆ ತಳಿಯ ಜೊತೆ ಕೂಡಿಸುವುದೇ ದೊಡ್ಡ ತಲೆನೋವು. ಕೂಡಿಸಿದ ಮೇಲೂ ನಿಜವಾಗಿ ಮಿಶ್ರವಾದ ಗಿಡ ಯಾವುದೆಂದು ಪೈರಿನ ನಡುವೆ ಹುಡುಕಬೇಕು. ಅದರ ಮಕ್ಕಳು, ಮೊಮ್ಮಕ್ಕಳನ್ನು ಬಿತ್ತಿ, ಆರಿಸಿ, ಮತ್ತೆ ಬಿತ್ತಬೇಕು. ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯ ಜೊತೆ ಕೂಡಿಸಿದರು. 1970ರ ದಶಕದಲ್ಲಿ ಇಂಡಾಫ್ ತಳಿಗಳು ಹೊಲಕ್ಕೆ ಬಂದವು, ಇಳುವರಿ ಏರಿತು. ಸಾವಿರಾರು ವರ್ಷ ಹಿಂದೆ ಅಗಲಿದ ಎರಡು ಕವಲು ಮಂಡ್ಯದಲ್ಲಿ ಮತ್ತೆ ಸೇರಿದವು! ಈ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣ, ನಮ್ಮ ಜಿ.ಕೆ.ವಿ.ಕೆ.ಯಿಂದ ಬೆಂಕಿ ರೋಗ ತಡೆಯುವ ಜಿ.ಪಿ.ಯು. 28 ಎಂಬ ತಳಿ ಬಂತು, ರೈತರು ಅದನ್ನು ಕೈಬಿಡಲಿಲ್ಲ. ನಿಮ್ಮ ತಟ್ಟೆಯ ಮುದ್ದೆಯಲ್ಲಿ ಈ ಎಲ್ಲರ ಪಾಲೂ ಇದೆ.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಎಲ್ಲವೂ ನಿಧಾನವೇ? ದಿಢೀರನೆ ಏನೂ ಆಗುವುದಿಲ್ಲವೇ? ಆಗುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು, ಇಕ್ಕಟ್ಟಾದ ಪೇಟೆ ಬಿಟ್ಟು ಜನ ಓಡಿದರು, ಬಸವನಗುಡಿ ಮಲ್ಲೇಶ್ವರಗಳು ಬೆಳೆದವು. ಆದರೆ ಪೇಟೆಯ ಹೊರಗೆ ಅಳತೆ ಹಾಕಿ ಬಡಾವಣೆ ಮಾಡುವ ಪಾಠ ಚಾಮರಾಜಪೇಟೆಯಲ್ಲಿ 1892ರಲ್ಲೇ ಆಗಿತ್ತು. ಐ.ಟಿ. ಕೂಡ ಅಷ್ಟೇ. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದದ್ದನ್ನು ಶುರು ಎನ್ನುತ್ತಾರೆ. ಅದಕ್ಕೆ ಮೊದಲು 1905ರ ವಿದ್ಯುತ್ ಬೀದಿ ದೀಪ, 1909ರ ಟಾಟಾ ಇನ್‌ಸ್ಟಿಟ್ಯೂಟ್ (ಈಗಿನ ಭಾರತೀಯ ವಿಜ್ಞಾನ ಸಂಸ್ಥೆ), ವಿಮಾನ ಕಟ್ಟುವ 1940ರ ಎಚ್.ಎ.ಎಲ್., ಎಲೆಕ್ಟ್ರಾನಿಕ್ಸ್‌ನ 1954ರ ಬಿ.ಇ.ಎಲ್. ಇದ್ದವು. ಹೊಸದು ಬಂದಾಗ ಹಳೆಯದು ಮನೆ ಖಾಲಿ ಮಾಡಿಕೊಂಡು ಹೋಗುವುದೂ ಇಲ್ಲ. 1981ರಲ್ಲಿ ಆ್ಯಪಲ್ ಉಪಗ್ರಹದ ಆಂಟೆನಾ ಪರೀಕ್ಷೆಗೆ ಇಸ್ರೋದವರು ಲೋಹ ಅಡ್ಡ ಬರದ ಗಾಡಿ ಹುಡುಕಿದರು. ಸಿಕ್ಕಿದ್ದು ಎತ್ತಿನ ಗಾಡಿ. ಆ ಫೋಟೋ ನೋಡಿ ಹೊರಗಿನವರು ನಮ್ಮನ್ನು ಬಡವರು ಅಂದುಕೊಂಡರು. ನನಗಂತೂ ಅದು ಬುದ್ಧಿವಂತಿಕೆ ಅಂತಲೇ ಕಾಣುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ, ನಿಧಾನವಾಗಿ ಆಗುವುದೆಲ್ಲ ಒಳ್ಳೆಯದಕ್ಕೇ ಅಂತ. ನಮ್ಮ ಕೆರೆಗಳನ್ನು ನೋಡಿ. ಧರ್ಮಾಂಬುಧಿ ಕೆರೆ ಇದ್ದ ಕಡೆ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆ ಇದ್ದ ಕಡೆ ಕಂಠೀರವ ಕ್ರೀಡಾಂಗಣ. ಇವನ್ನು ಒಂದೇ ದಿನ ಯಾರೋ ಬಂದು ಮುಚ್ಚಲಿಲ್ಲ. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಬಂತು. ಊರಿಗೆ ಕೆರೆಯ ಹಂಗು ತಪ್ಪಿತು. ಹೂಳು ತೆಗೆಸುವ ಆಸಕ್ತಿ ಹೋಯಿತು. ನೀರು ಹರಿದು ಬರುವ ದಾರಿಯಲ್ಲಿ ಮನೆಗಳು ಎದ್ದವು. ಕೆರೆ ಒಣಗಿತು, ಒಣಗಿದ್ದು ಮೈದಾನವಾಯಿತು, ಮೈದಾನ ಖಾಲಿ ಜಾಗ ಅನ್ನಿಸಿಕೊಂಡಿತು. ಪ್ರತಿ ಹೆಜ್ಜೆಯೂ ಆ ಹೊತ್ತಿಗೆ ಸರಿಯಾಗಿಯೇ ಕಂಡಿತ್ತು. ಸಂಪಂಗಿ ಕೆರೆಯ ಒಂದು ಪುಟ್ಟ ಕೊಳ ಮಾತ್ರ ಉಳಿದಿದೆ, ಅದೂ ಕರಗದ ದೆಸೆಯಿಂದ. ಕರಗದ ಪೂಜೆ ಅಲ್ಲಿಗೆ ಬರಲೇಬೇಕು. ಆ ನೀರಿನಿಂದ ತೋಟ ಮಾಡುತ್ತಿದ್ದ ತಿಗಳ ಸಮುದಾಯದವರು ಆಚರಣೆಯನ್ನು ಬಿಡಲಿಲ್ಲ. ಸರ್ಕಾರದ ಕಡತ ಮಾಡದ ಕೆಲಸವನ್ನು ಒಂದು ಹಬ್ಬ ಮಾಡಿತು.

ನಿಮ್ಮ ಬಡಾವಣೆಯಲ್ಲಿ ಕೆರೆ ಇದ್ದರೆ ಹಳೆಯ ಸರ್ವೆ ನಕ್ಷೆ ತೆಗೆಸಿ, ಈಗಿನ ಬೇಲಿಯ ಜೊತೆ ಹೋಲಿಸಿ. ವರ್ಷಕ್ಕೆ ಒಂದೆರಡು ಅಡಿ ಸರಿದರೆ ದಿನಾ ನೋಡುವವರಿಗೆ ಗೊತ್ತಾಗುವುದಿಲ್ಲ, ನಕ್ಷೆಗೆ ಗೊತ್ತಾಗುತ್ತದೆ. ರಸ್ತೆ ಅಗೆಯುವಾಗ, ಹಳೇ ಗುಡಿ ಕೆಡವುವಾಗ ಅಕ್ಷರ ಇರುವ ಕಲ್ಲು ಕಂಡರೆ ಫೋಟೋ ತೆಗೆದು ಪುರಾತತ್ವ ಇಲಾಖೆಗೋ ಮಿಥಿಕ್ ಸೊಸೈಟಿಗೋ ತಿಳಿಸಿ. ಶಾಸನತಜ್ಞ ಬಿ.ಎಲ್. ರೈಸ್ ಅವರು 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಅಚ್ಚು ಹಾಕಿಸಿದಾಗ ಇದ್ದ ಕಲ್ಲುಗಳಲ್ಲಿ ಎಷ್ಟೋ ಈಗ ಸ್ಥಳದಲ್ಲಿಲ್ಲ.

ನನಗೆ ಕೊಟ್ಟ ಸಮಯ ಮುಗಿಯಿತು. ಪ್ರಶ್ನೆ ಇರುವವರು ಕೇಳಿ, ಹಿಂದಿನ ಸಾಲಿನವರಿಗೆ ಮೊದಲು ಮೈಕ್ ಕೊಡಿ.